ಮನೆಯಲ್ಲೇ ಸ್ಟ್ರಾಂಗ್‌ಮನ್ ಸಲಕರಣೆ: ಮರಳು ಚೀಲ, ಹಿಡಿಕೆ ಡಬ್ಬ, ಕಾಂಕ್ರೀಟ್ ಗುಂಡು ಮತ್ತು ಗದೆ ಮಾಡುವ ಸಮಗ್ರ ಮಾರ್ಗದರ್ಶಿ

ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಉಸುಕಿನ ಚೀಲ ಎತ್ತುವ ಪಂದ್ಯ ನೋಡಿದವರಿಗೆ, ಅಡ್ಡಾದಿಡ್ಡಿ ಆಕಾರದ ಭಾರಗಳನ್ನು ಎತ್ತಿ ಹೊರುವ ಸ್ಟ್ರಾಂಗ್‌ಮನ್ ಆಟ ಪೂರ್ತಿ ಹೊಸದೇನಲ್ಲ. ಬಾರ್‌ಬೆಲ್ಲಿಗೆ ಎರಡೂ ಕಡೆ ಸಮಭಾರ, ನಡುವೆ ನೀಟಾದ ಹಿಡಿತ ಇರುತ್ತದೆ. ಕಲ್ಲಿಗೂ ಚೀಲಕ್ಕೂ ಅದಿಲ್ಲ. ಅಪ್ಪಿಕೊಂಡು, ತೊಡೆಯ ಮೇಲೆ ಕೂರಿಸಿಕೊಂಡು, ಎದೆಗೆ ಒತ್ತಿ ಎತ್ತಬೇಕು. ಇಂಥ ಸಲಕರಣೆ ನಮ್ಮೂರಿನ ಜಿಮ್‌ಗಳಲ್ಲಿ ಅಪರೂಪ. ಹೊರಗಿಂದ ತರಿಸಿದರೆ ಸಾಮಾನಿಗಿಂತ ಸಾಗಣೆಯೇ ದುಬಾರಿ. ಆದರೆ ಬೇಕಾದ ಸಾಮಗ್ರಿಯೆಲ್ಲ ಹಾರ್ಡ್‌ವೇರ್ ಅಂಗಡಿ, ಗುಜರಿ ಅಂಗಡಿ, ವೆಲ್ಡಿಂಗ್ ಶಾಪ್ ಮತ್ತು ಲಾರಿ ಸ್ಟ್ಯಾಂಡಿನ ಟಾರ್ಪಾಲಿನ್ ಹೊಲಿಯುವವರ ಹತ್ತಿರ ಸಿಗುತ್ತದೆ.

ಶುರು ಮಾಡುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಮರಳು ಒಡೆಯುವುದಿಲ್ಲ, ಗಟ್ಟಿಯಾದ ಕಾಂಕ್ರೀಟೂ ಸುಲಭಕ್ಕೆ ಬಿರಿಯುವುದಿಲ್ಲ. ಕೈಕೊಡುವುದು ಎರಡು ವಸ್ತು ಸೇರುವ ಜಾಗ: ಚೀಲದ ಬಾಯಿ, ಹಿಡಿಕೆಯ ಬುಡ, ಅಚ್ಚಿನ ಬೆಸುಗೆ, ಗದೆಯ ಕುತ್ತಿಗೆ. ಖರ್ಚು ಉಳಿಸುವುದಿದ್ದರೆ ಬೇರೆ ಕಡೆ ಉಳಿಸಿ, ಈ ಜಾಗಗಳಲ್ಲಿ ಬೇಡ.

ಮಾಡುವ ಕ್ರಮವನ್ನೂ ಹೇಳಿಬಿಡುತ್ತೇವೆ. ಮೊದಲು ಮರಳು ಚೀಲ, ಆಮೇಲೆ ಹಿಡಿಕೆ ಡಬ್ಬ, ಕೊನೆಗೆ ಗುಂಡು. ಬಹಳ ಜನ ನೇರ ಗುಂಡಿಗೇ ಕೈಹಾಕುತ್ತಾರೆ. ಗುಂಡು ಬಿದ್ದರೆ ಕಾಲ್ಬೆರಳು ಹೋಗುತ್ತದೆ, ಚೀಲ ಬಿದ್ದರೆ ಧೂಳು ಏಳುತ್ತದೆ ಅಷ್ಟೆ. ಅಪ್ಪಿ ಎತ್ತುವ ಪಾಠವನ್ನು ಚೀಲದಲ್ಲೇ ಕಲಿಯಿರಿ.

ಲೆಕ್ಕ ಮೊದಲು

ಇಡೀ ಕೆಲಸಕ್ಕೆ ನಾಲ್ಕು ಅಂಕಿ ಸಾಕು. ಒಂದು ಲೀಟರ್ ಜಾಗದಲ್ಲಿ ನೀರು 1 ಕೆ.ಜಿ., ಒಣ ಮರಳು ಸುಮಾರು 1.6 ಕೆ.ಜಿ., ಚೆನ್ನಾಗಿ ಕುಟ್ಟಿ ತುಂಬಿದ ಕಾಂಕ್ರೀಟ್ ಸುಮಾರು 2.4 ಕೆ.ಜಿ., ಕಬ್ಬಿಣ 7.85 ಕೆ.ಜಿ. ತೂಗುತ್ತದೆ. ಗುಂಡಿನ ಗಾತ್ರ ತಿಳಿಯಲು ವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು, ಅದರ ಘನ ಮಾಡಿ (ವ್ಯಾಸ × ವ್ಯಾಸ × ವ್ಯಾಸ), ಬಂದದ್ದನ್ನು 0.5236ರಿಂದ ಗುಣಿಸಿ, 1000ದಿಂದ ಭಾಗಿಸಿ. ಉತ್ತರ ಲೀಟರ್‌ನಲ್ಲಿ ಬರುತ್ತದೆ.

ಈ ತೂಕಗಳು ಅಂದಾಜು. ಮರಳಿನ ತೇವ, ಜಲ್ಲಿಯ ಜಾತಿ ನೋಡಿಕೊಂಡು ಆಚೀಚೆ ಆಗುತ್ತವೆ. ಹಾಗಾಗಿ ಮಾಡಿ ಮುಗಿದ ಮೇಲೆ ಪ್ರತಿಯೊಂದನ್ನೂ ಕಾಟಾ ಮೇಲಿಟ್ಟು ತೂಗಿ, ತೂಕವನ್ನು ಪೇಂಟಿನಲ್ಲಿ ಬರೆಯಿರಿ. ಕಾಳು ವ್ಯಾಪಾರಿಯ ಅಂಗಡಿಯಲ್ಲೋ ಗುಜರಿಯಲ್ಲೋ ಪ್ಲಾಟ್‌ಫಾರ್ಮ್ ಕಾಟಾ ಇದ್ದೇ ಇರುತ್ತದೆ. ಮನೆಯಲ್ಲಿ ಮೈತೂಕ ನೋಡುವ ತಕ್ಕಡಿಯ ಮೇಲೆ 100 ಕೆ.ಜಿ. ಗುಂಡು ಇಡಲು ಹೋಗಬೇಡಿ.

ಮರಳು ಚೀಲ

ಸಿಮೆಂಟ್ ಚೀಲಕ್ಕೆ ಮರಳು ತುಂಬಿ ದಾರ ಕಟ್ಟಿದರೆ ಒಂದು ವಾರ ಬಾಳುತ್ತದೆ. ಪ್ಲಾಸ್ಟಿಕ್ ಹೆಣಿಗೆಯ ಚೀಲ ಬಿಸಿಲಿಗೆ ಪುಡಿಯಾಗುತ್ತದೆ, ಹೆಣಿಗೆಯ ಸಂದಿಯಿಂದ ನಯ ಮರಳು ಸೋರುತ್ತದೆ, ಅದೂ ಸರಿಯಾಗಿ ಮುಖಕ್ಕೇ. ಗೋಣಿಚೀಲ ಹಿಡಿತಕ್ಕೆ ಒಳ್ಳೆಯದು, ಆದರೆ ತೇವ ಕುಡಿದು ಕೊಳೆಯುತ್ತದೆ. ಬಾಳಿಕೆ ಬರಬೇಕೆಂದರೆ ಮೂರು ಪದರ ಬೇಕು. ಒಳಗೆ ಸಣ್ಣ ಸಣ್ಣ ಪೊಟ್ಟಣ, ಅದನ್ನು ಹಿಡಿದಿಡಲು ಪ್ಲಾಸ್ಟಿಕ್ ಹೆಣಿಗೆಯ ಚೀಲ, ಹೊರಗೆ ಲಾರಿಗೆ ಹೊದಿಸುವ ಹತ್ತಿ ಟಾರ್ಪಾಲಿನ್ ಅಥವಾ ದಪ್ಪ ಕ್ಯಾನ್ವಾಸ್. ನೀಲಿ ಬಣ್ಣದ ಪ್ಲಾಸ್ಟಿಕ್ ತಾಡಪಾಲು ತರಬೇಡಿ. ಬೆವರಿದ ಕೈಯಲ್ಲಿ ಅದು ಜಾರುತ್ತದೆ, ಹೊಲಿಗೆಯ ತೂತಿನಿಂದಲೇ ಸೀಳುತ್ತದೆ.

60 ಕೆ.ಜಿ. ಚೀಲದ ಲೆಕ್ಕ ಹೀಗೆ. 60 ಕೆ.ಜಿ. ಮರಳಿಗೆ 37.5 ಲೀಟರ್ ಜಾಗ ಬೇಕು. ಚೀಲ ಬಿಗಿಯಾಗಿ ತುಂಬಿದರೆ ಕಂಬದಂತಾಗಿ ಬೆರಳು ಒಳಗೆ ಹೋಗುವುದಿಲ್ಲ. ತೀರಾ ಸಡಿಲವಾದರೆ ಮರಳೆಲ್ಲ ಒಂದು ತುದಿಗೆ ಇಳಿದು, ಎತ್ತುವಾಗ ನಡು ಬಾಗುತ್ತದೆ. ಶೇ. 15ರಷ್ಟು ಸಡಿಲ ಬಿಟ್ಟರೆ ಸರಿ, ಅಂದರೆ 43 ಲೀಟರ್. 32 ಸೆಂ.ಮೀ. ವ್ಯಾಸ, 54 ಸೆಂ.ಮೀ. ಉದ್ದದ ಚೀಲದಲ್ಲಿ ಅಷ್ಟು ಹಿಡಿಯುತ್ತದೆ. 100 ಕೆ.ಜಿ.ಗೆ ವ್ಯಾಸ 38, ಉದ್ದ 63 ಸೆಂ.ಮೀ. ಇಟ್ಟುಕೊಳ್ಳಿ.

ಬಟ್ಟೆ ಕತ್ತರಿಸುವುದು: 60 ಕೆ.ಜಿ. ಚೀಲಕ್ಕೆ 107 ಸೆಂ.ಮೀ. ಅಗಲ, 82 ಸೆಂ.ಮೀ. ಉದ್ದದ ಒಂದು ತುಂಡು, 36 ಸೆಂ.ಮೀ. ವ್ಯಾಸದ ಒಂದು ವೃತ್ತ. ಅಗಲದಲ್ಲಿ 6 ಸೆಂ.ಮೀ. ಹೊಲಿಗೆಗೆ ಹೋಗುತ್ತದೆ. ಉದ್ದದಲ್ಲಿ 54 ಸೆಂ.ಮೀ. ಮೈ, ಉಳಿದದ್ದು ತಳದ ಹೊಲಿಗೆ ಮತ್ತು ಬಾಯಿ. ಪಕ್ಕದ ಹೊಲಿಗೆ ಜೀನ್ಸ್ ಪ್ಯಾಂಟಿನ ಒಳಕಾಲಿನ ಹೊಲಿಗೆಯಂತೆ ಮಡಚಿ ಎರಡು ಸಾಲು ಬರಬೇಕು. ಮನೆಯ ಹೊಲಿಗೆ ಯಂತ್ರಕ್ಕೆ ನಾಲ್ಕು ಪದರ ಕ್ಯಾನ್ವಾಸ್ ಹೋಗುವುದಿಲ್ಲ, ಸೂಜಿ ಮುರಿಯುತ್ತದೆ. ಟಾರ್ಪಾಲಿನ್ ಹೊಲಿಯುವವರ ಹತ್ತಿರ ಹೋಗಿ ನೈಲಾನ್ ದಾರದಲ್ಲಿ ಹೊಲಿಸಿ. ತಳದ ವೃತ್ತಕ್ಕೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಕೊಟ್ಟು ಹೊಲಿಯಲು ಹೇಳಿ. ಚೀಲ ನೆಲಕ್ಕೆ ಬಡಿಯುವುದು ಹೆಚ್ಚಾಗಿ ಅಲ್ಲೇ.

ಹಿಡಿಕೆ ಹೊಲಿಸಬೇಡಿ. ಹಿಡಿಕೆ ಇದ್ದರೆ ಕೈ ಅಲ್ಲಿಗೇ ಹೋಗುತ್ತದೆ, ಅಪ್ಪಿ ಎತ್ತುವ ಅಭ್ಯಾಸ ಆಗುವುದಿಲ್ಲ. 60 ಕೆ.ಜಿ. ಜೋತು ಬಿದ್ದಾಗ ಆ ಹೊಲಿಗೆಯೇ ಮೊದಲು ಕಿತ್ತುಬರುವುದು.

ತುಂಬುವ ಮರಳು ಜರಡಿ ಹಿಡಿದ ನದಿ ಮರಳಾದರೆ ಒಳ್ಳೆಯದು. ಎಂ-ಸ್ಯಾಂಡ್ ಆದರೆ ಅದರ ಕಲ್ಲುಪುಡಿ ಹೋಗುವವರೆಗೆ ತೊಳೆದು ಬಳಸಿ, ಇಲ್ಲದಿದ್ದರೆ ಆ ಪುಡಿ ಎಲ್ಲ ಪದರ ದಾಟಿ ಹೊರಬರುತ್ತದೆ. ಯಾವುದೇ ಆಗಲಿ, ತೆಳ್ಳಗೆ ಹರಡಿ ಎರಡು ದಿನ ಸುಡುಬಿಸಿಲಲ್ಲಿ ಒಣಗಿಸಿ. ಹಸಿ ಮರಳು ತುಂಬಿದರೆ ತೂಕ ತಿಂಗಳುಗಟ್ಟಲೆ ಇಳಿಯುತ್ತಾ ಹೋಗುತ್ತದೆ, ಒಳಗೆ ಬೂಸಲು ಹಿಡಿದು ನಾರುತ್ತದೆ.

ಒಣಗಿದ ಮರಳನ್ನು 10 ಕೆ.ಜಿ.ಯ ಪೊಟ್ಟಣ ಮಾಡಿ. ದಪ್ಪ ಪಾಲಿಥಿನ್ ಕವರಿನಲ್ಲಿ ತುಂಬಿ, ಗಾಳಿ ಹೊರಗೆ ಒತ್ತಿ, ಬಾಯಿ ತಿರುಚಿ ಟೇಪ್ ಸುತ್ತಿ. ಅದನ್ನು ತಲೆಕೆಳಗಾಗಿ ಇನ್ನೊಂದು ಕವರಿಗೆ ಹಾಕಿ ಮತ್ತೆ ಟೇಪ್ ಸುತ್ತಿ. ಗಾಳಿ ಉಳಿದರೆ ಮೊದಲ ಏಟಿಗೇ ಪಟ್ಟೆಂದು ಒಡೆಯುತ್ತದೆ. ಕವರಿನಲ್ಲಿ ಮೂರನೇ ಒಂದು ಭಾಗ ಖಾಲಿ ಇದ್ದರೆ ಪೊಟ್ಟಣಗಳು ಒಂದಕ್ಕೊಂದು ಒತ್ತಿಕೊಂಡು ಚೀಲದ ಆಕಾರ ಪಡೆಯುತ್ತವೆ. ಎರಡು 5 ಕೆ.ಜಿ. ಪೊಟ್ಟಣವನ್ನೂ ಇಟ್ಟುಕೊಂಡರೆ 60 ಕೆ.ಜಿ. ಚೀಲವನ್ನು 40ರಿಂದ ಶುರು ಮಾಡಿ ಐದೈದು ಏರಿಸಬಹುದು. ಆಗ ಖಾಲಿ ಜಾಗಕ್ಕೆ ಹಳೆಯ ಬಟ್ಟೆ ಅಥವಾ ಭತ್ತದ ಹೊಟ್ಟಿನ ಪೊಟ್ಟಣ ತುಂಬಿ. ಹೊಟ್ಟನ್ನು ಮರಳಿನ ಜೊತೆ ನೇರ ಬೆರೆಸಿದರೆ ಕೆಲವೇ ದಿನದಲ್ಲಿ ಮರಳು ಕೆಳಗೆ, ಹೊಟ್ಟು ಮೇಲೆ ಬೇರೆಯಾಗುತ್ತದೆ.

ಬಾಯಿ ಕಟ್ಟುವುದು ಇಡೀ ಚೀಲದ ಜೀವ. ಮೇಲೆ ಉಳಿದ ಬಟ್ಟೆಯನ್ನು ಹಗ್ಗದಂತೆ ಬಿಗಿಯಾಗಿ ತಿರುಚಿ, ಬುಡದಲ್ಲಿ 4 ಮಿ.ಮೀ. ನೈಲಾನ್ ಹಗ್ಗ ಎಂಟು ಸುತ್ತು ಸುತ್ತಿ ಗಂಟು ಹಾಕಿ. ಆಮೇಲೆ ತಿರುಚಿದ ಬಟ್ಟೆಯನ್ನು ಕೆಳಕ್ಕೆ ಮಡಚಿ, ಅದರ ಮೇಲೆ ಮತ್ತೆ ಎಂಟು ಸುತ್ತು. ಒಂದೇ ಕಟ್ಟು ಹಾಕಿದರೆ ಬಡಿದಾಗ ಒಳಗಿನ ಒತ್ತಡಕ್ಕೆ ಬಟ್ಟೆ ಹಗ್ಗದಿಂದ ಜಾರಿ ಹೊರಬರುತ್ತದೆ. ಮಡಚಿ ಕಟ್ಟಿದರೆ ಎಳೆದಷ್ಟೂ ಬಿಗಿಯಾಗುತ್ತದೆ. ಜಿಪ್ ಹಾಕಿಸುವ ಆಲೋಚನೆ ಬಿಟ್ಟುಬಿಡಿ.

ಹಿಡಿಕೆ ಡಬ್ಬ

ಎರಡು ಕೈಯಲ್ಲಿ ಎರಡು ಭಾರ ಹಿಡಿದು ನಡೆಯುವ ಫಾರ್ಮರ್ಸ್ ವಾಕ್‌ಗೆ ಅತಿ ಸುಲಭದ ದಾರಿ 20 ಲೀಟರ್ ಜೆರಿಕ್ಯಾನ್. ನೀರು ತುಂಬಿದರೆ 20 ಕೆ.ಜಿ., ಒಣ ಮರಳು ತುಂಬಿದರೆ 32, ಅದೇ ಮರಳಿಗೆ ನೀರು ಹೊಯ್ದು ಕೂರಿಸಿದರೆ ಹತ್ತಿರ ಹತ್ತಿರ 40. ಅಲ್ಲಿಗೆ ಪ್ಲಾಸ್ಟಿಕ್ ಹಿಡಿಕೆಯ ಮಿತಿ ಮುಗಿಯಿತು. ಅದಕ್ಕಿಂತ ಮೇಲೆ ಹೋಗುವುದಾದರೆ 15 ಕೆ.ಜಿ. ಎಣ್ಣೆ ಡಬ್ಬಕ್ಕೆ ಕಾಂಕ್ರೀಟ್ ಹಾಕಿ.

20 ಲೀಟರ್ ಪೇಂಟ್ ಬಕೆಟ್ ಯಾಕೆ ಬೇಡ? ಬಾಯಿ ಅಗಲ. ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಗೆ ತಾಗಿ ಬಕೆಟ್ ತಿರುಗುತ್ತದೆ. ಎಣ್ಣೆ ಡಬ್ಬ ಸುಮಾರು 23 ಸೆಂ.ಮೀ. ಚೌಕ, ಕಾಲಿನ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ.

ಒಂದು ಜೋಡಿಗೆ ಬೇಕಾದದ್ದು: ಎರಡು ಡಬ್ಬ, ಹೊರವ್ಯಾಸ 34 ಮಿ.ಮೀ. ಇರುವ ಒಂದಿಂಚಿನ ಕಪ್ಪು ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್, 22 ಸೆಂ.ಮೀ.ನ ಎರಡು ತುಂಡು, 40×6 ಮಿ.ಮೀ. ಎಂಎಸ್ ಪಟ್ಟಿ, 37 ಸೆಂ.ಮೀ.ನ ನಾಲ್ಕು ತುಂಡು, 12 ಮಿ.ಮೀ. ಸರಳು, 16 ಸೆಂ.ಮೀ.ನ ನಾಲ್ಕು ತುಂಡು, 13 ಕೆ.ಜಿ. ಸಿಮೆಂಟ್, 13.5 ಲೀಟರ್ ಮರಳು, 27 ಲೀಟರ್ ಬೇಬಿ ಜಲ್ಲಿ (ಸಣ್ಣ ಜಲ್ಲಿ), ಸುಮಾರು 6.5 ಲೀಟರ್ ನೀರು. ಜಿಐ ಪೈಪ್ ತಂದರೆ ಬೆಸುಗೆ ಹಾಕುವ ಜಾಗದಲ್ಲಿ ಸತುವಿನ ಲೇಪ ಪೂರ್ತಿ ಉಜ್ಜಿ ತೆಗೆಸಬೇಕು. ಅದರ ಹೊಗೆ ಜ್ವರ ಬರಿಸುತ್ತದೆ, ಬೆಸುಗೆಯೂ ತೂತುತೂತಾಗುತ್ತದೆ. ಕಪ್ಪು ಪೈಪಿಗೆ ಆ ರಗಳೆ ಇಲ್ಲ.

ಪೈಪಿನ ಕೆಳಗೆ ಎರಡು ಪಟ್ಟಿಗಳನ್ನು ಕಾಲಿನಂತೆ ನೆಟ್ಟಗೆ ನಿಲ್ಲಿಸಿ, ನಡುವೆ 15 ಸೆಂ.ಮೀ. ಬಿಟ್ಟು, ಎರಡೂ ಮಗ್ಗುಲಿಗೆ ಬೆಸುಗೆ ಹಾಕಿಸಿ. 15ಕ್ಕಿಂತ ಕಡಿಮೆಯಾದರೆ ಚಾಕ್ ಹಚ್ಚಿದ ಅಂಗೈ ಒಳಗೆ ಕೂರುವುದಿಲ್ಲ. ಹೆಚ್ಚಾದರೆ ಪಟ್ಟಿ ಡಬ್ಬದ ಗೋಡೆಗೆ ಹತ್ತಿರವಾಗಿ ಕಾಂಕ್ರೀಟಿನ ಹೊದಿಕೆ ತೆಳುವಾಗುತ್ತದೆ, ಅಲ್ಲೇ ಬಿರುಕು ಬಿಡುತ್ತದೆ. ಪ್ರತಿ ಪಟ್ಟಿಯ ತುದಿಗೆ ಒಂದೊಂದು ಸರಳು ಅಡ್ಡಕ್ಕೆ ಬೆಸೆಯಿರಿ. ಬರೀ ನಯವಾದ ಪಟ್ಟಿಯನ್ನು ಕಾಂಕ್ರೀಟಿನಲ್ಲಿ ಹೂತರೆ ಒಂದು ದಿನ ಅದು ಒರೆಯಿಂದ ಕತ್ತಿ ಬಂದಂತೆ ಮೇಲೆ ಬರುತ್ತದೆ, ಭಾರ ಕಾಲಿನ ಮೇಲಿರುತ್ತದೆ.

ಡಬ್ಬದ ಮುಚ್ಚಳ ಪೂರ್ತಿ ಕತ್ತರಿಸಿ, ಒಳಗಿನ ಎಣ್ಣೆ ಸೋಪಿನಲ್ಲಿ ತೊಳೆದು, ತಳದಲ್ಲಿ 5 ಸೆಂ.ಮೀ. ಕಾಂಕ್ರೀಟ್ ಹಾಕಿ. ಅದರ ಮೇಲೆ ಹಿಡಿಕೆ ನಿಲ್ಲಿಸಿ, ಸರಳಿನಲ್ಲಿ ಕುಟ್ಟುತ್ತಾ 30 ಸೆಂ.ಮೀ. ಎತ್ತರದವರೆಗೆ ತುಂಬಿ. ತುಂಬುವಾಗ ಡಬ್ಬದ ಗೋಡೆ ಹೊಟ್ಟೆ ಬಿಡುತ್ತದೆ. ಎರಡು ಕಡೆ ಹಲಗೆ ಕೊಟ್ಟು ಹಗ್ಗ ಬಿಗಿಯಿರಿ, ಇಲ್ಲವೇ ಎರಡು ಡಬ್ಬವನ್ನು ಗೋಡೆ ಮತ್ತು ಇಟ್ಟಿಗೆ ಸಾಲಿನ ನಡುವೆ ಸಿಕ್ಕಿಸಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಉಳಿದ 5 ಸೆಂ.ಮೀ. ತಗಡನ್ನು ಕತ್ತರಿಸಿ ಅಂಚನ್ನು ಸುತ್ತಿಗೆಯಲ್ಲಿ ಮಡಚಿ. ಬಿಟ್ಟರೆ ಮಣಿಕಟ್ಟು ಕೊಯ್ಯುತ್ತದೆ. ಒಂದೊಂದು ಡಬ್ಬ ಸುಮಾರು 40 ಕೆ.ಜಿ. ಬರುತ್ತದೆ.

50 ಬೇಕೆಂದರೆ? ಒಂದು ಲೀಟರ್ ಕಾಂಕ್ರೀಟಿನ ಜಾಗಕ್ಕೆ ಕಬ್ಬಿಣ ಬಂದರೆ 5.4 ಕೆ.ಜಿ. ಹೆಚ್ಚುತ್ತದೆ. ಹಾಗಾಗಿ 10 ಕೆ.ಜಿ. ಏರಿಸಲು ಗುಜರಿಯಿಂದ 14.5 ಕೆ.ಜಿ. ಬೋಲ್ಟು, ನಟ್ಟು, ಪಂಚಿಂಗ್ ಚೂರು ತಂದು ಕಾಂಕ್ರೀಟಿಗೆ ಬೆರೆಸಿ. ಎಲ್ಲವನ್ನೂ ತಳದಲ್ಲೇ ಸುರಿದರೆ ಚೂರುಗಳ ಸಂದಿಗೆ ಸಿಮೆಂಟ್ ಇಳಿಯದೆ ತಳ ಸಡಿಲವಾಗುತ್ತದೆ. ಜೋಡಿಯ ತೂಕದಲ್ಲಿ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ, ಕಾಂಕ್ರೀಟ್ ಕಲಸಿದ ಮೇಲೆ ಎರಡು ಪಾಲು ತೂಗಿ ಹಾಕಿ.

ಕಾಂಕ್ರೀಟ್ ಗುಂಡು

ವಿಶ್ವ ಸ್ಟ್ರಾಂಗೆಸ್ಟ್ ಮ್ಯಾನ್ ಸ್ಪರ್ಧೆ 1977ರಲ್ಲಿ ಶುರುವಾಯಿತು, ಗುಂಡುಕಲ್ಲುಗಳ ಸಾಲು ಅದಕ್ಕೆ ಸೇರಿದ್ದು 1986ರಲ್ಲಿ. ಈಗ ಅಟ್ಲಾಸ್ ಸ್ಟೋನ್ ಎಂದು ಕರೆಯುವ ಈ ಗುಂಡುಗಳಿಲ್ಲದೆ ಆ ಆಟ ಮುಗಿಯುವುದು ಅಪರೂಪ. ಎಷ್ಟು ಭಾರದ ಗುಂಡು ಮಾಡಬೇಕು ಎಂಬುದಕ್ಕೆ ಒಳ್ಳೆಯ ಅಳತೆಗೋಲು ಐಸ್‌ಲ್ಯಾಂಡಿನಲ್ಲಿದೆ. ದ್ರಿತ್ವೀಕ್ ಬಳಿಯ ಕಡಲ ದಂಡೆಯಲ್ಲಿ ಮೀನುಗಾರರ ತಾಕತ್ತು ನೋಡಲು ಇಟ್ಟ ನಾಲ್ಕು ಕಲ್ಲುಗಳ ತೂಕ 23, 54, 100 ಮತ್ತು 154 ಕೆ.ಜಿ. ಅದೇ ತೂಕ ಕಾಂಕ್ರೀಟಿನಲ್ಲಿ ಬರಬೇಕಾದರೆ ವ್ಯಾಸ ಸುಮಾರು 26.5, 35, 43 ಮತ್ತು 49.5 ಸೆಂ.ಮೀ. ಆಗುತ್ತದೆ. 23 ಸೆಂ.ಮೀ. ವ್ಯಾಸ ಹೆಚ್ಚಿದರೆ ತೂಕ ಆರೂವರೆ ಪಟ್ಟು ಏರುತ್ತದೆ ಎಂಬುದನ್ನು ಗಮನಿಸಿ. ಅಳತೆಯಲ್ಲಿ ಒಂದೆರಡು ಸೆಂ.ಮೀ. ತಪ್ಪಿದರೂ ಎತ್ತಲಾಗದ ಗುಂಡು ಮನೆ ಮುಂದೆ ಕೂತಿರುತ್ತದೆ.

ಮೊದಲ ಗುಂಡಿಗೆ 36 ಸೆಂ.ಮೀ. ಒಳ್ಳೆಯ ಗಾತ್ರ. 24.4 ಲೀಟರ್, ಅಂದರೆ ಸುಮಾರು 58 ಕೆ.ಜಿ. ಇದು ಭಾರ ಎನಿಸುವವರು 30 ಸೆಂ.ಮೀ. ಮಾಡಲಿ, 34 ಕೆ.ಜಿ. ಬರುತ್ತದೆ.

*ಅಚ್ಚು.* ಗುಂಡಿನ ಕೆಲಸದಲ್ಲಿ ಮುಕ್ಕಾಲು ಪಾಲು ಅಚ್ಚೇ. ಗಾಳಿ ತುಂಬಿದಾಗ ಸರಿಯಾಗಿ 36 ಸೆಂ.ಮೀ.ಗೆ ಬಿಗಿಯಾಗುವ ರಬ್ಬರ್ ಚೆಂಡು ಹುಡುಕಿ. ಸುತ್ತಳತೆ 113 ಸೆಂ.ಮೀ. ಇರಬೇಕು, ಟೇಪಿನಲ್ಲಿ ಮೂರು ದಿಕ್ಕಿನಿಂದ ಅಳೆಯಿರಿ. ದೊಡ್ಡ ಜಿಮ್ ಬಾಲಿಗೆ ಅರ್ಧ ಗಾಳಿ ತುಂಬಿ 36ಕ್ಕೆ ಇಳಿಸುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಎಲ್ಲರಿಗೂ ಮೊಟ್ಟೆಯಾಕಾರದ ಗುಂಡೇ ಸಿಗುತ್ತದೆ. ಮೆತ್ತಗಿನ ಚೆಂಡು ಪ್ಲಾಸ್ಟರಿನ ಭಾರಕ್ಕೆ ಚಪ್ಪಟೆಯಾಗುತ್ತದೆ.

ಬೇಕಾದದ್ದು 12 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್, ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿದ ಒಂದೆರಡು ಹಳೆಯ ಗೋಣಿತಟ್ಟು, ಪೆಟ್ರೋಲಿಯಂ ಜೆಲ್ಲಿ, ಅರ್ಧ ಲೀಟರ್ ಎನಾಮೆಲ್ ಪೇಂಟ್.

1. ಚೆಂಡಿನ ನಡುಮಧ್ಯೆ ಸುತ್ತಲೂ ಪೆನ್ನಿನಲ್ಲಿ ಗೆರೆ ಎಳೆಯಿರಿ. ಒದ್ದೆ ಮರಳಿನ ರಾಶಿಯಲ್ಲಿ ಆ ಗೆರೆಯವರೆಗೆ ಹೂತು, ಸುತ್ತ ಮರಳನ್ನು ಸಪಾಟಾಗಿ ತಟ್ಟಿ, ಮೇಲೆ ಹಳೆಯ ಪತ್ರಿಕೆಯ ಹಾಳೆ ಹಾಸಿ.

2. ಚೆಂಡಿಗೆ ಜೆಲ್ಲಿ ಸವರಿ. ಪ್ಲಾಸ್ಟರನ್ನು ಒಂದೊಂದು ಕೆ.ಜಿ.ಯಂತೆ ಮಾತ್ರ ಕಲಸಿ, 1 ಕೆ.ಜಿ.ಗೆ ಸುಮಾರು 650 ಮಿ.ಲೀ. ನೀರು. ಯಾವಾಗಲೂ ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಹೊಯ್ಯಬೇಡಿ, ಗಂಟು ಕಟ್ಟುತ್ತದೆ. ಒಂದೇ ಸಲ ಐದು ಕೆ.ಜಿ. ಕಲಸಿದರೆ ಅರ್ಧ ಬಕೆಟಿನಲ್ಲೇ ಕಲ್ಲಾಗುತ್ತದೆ.

3. ಮೊದಲ ಪದರ ಬರೀ ಪ್ಲಾಸ್ಟರ್, ನಯವಾಗಿರಲಿ. ಆಮೇಲೆ ಗೋಣಿ ಪಟ್ಟಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ, ಒಂದರ ಮೇಲೊಂದು ಅಡ್ಡಡ್ಡ ಹಾಸಿ 2 ಸೆಂ.ಮೀ. ದಪ್ಪ ಮಾಡಿ. ಗೆರೆಯ ಸುತ್ತ 5 ಸೆಂ.ಮೀ. ಅಗಲದ ಅಂಚು ಹೊರಚಾಚಿ ಬಿಡಿ.

4. ಗಟ್ಟಿಯಾದ ಮೇಲೆ ಚೆಂಡಿನ ಸಮೇತ ಬೋರಲು ಹಾಕಿ. ಅಂಚಿನಲ್ಲಿ ನಾಲ್ಕು ಕಡೆ ಚಮಚದಿಂದ ಸಣ್ಣ ಗುಳಿ ಕೊರೆದು, ಅಂಚಿಗೂ ಜೆಲ್ಲಿ ಸವರಿ, ಇನ್ನರ್ಧವನ್ನು ಹಾಗೇ ಮಾಡಿ. ಗುಳಿಗಳಿಂದಾಗಿ ಎರಡೂ ಭಾಗ ಪ್ರತಿಸಲ ಒಂದೇ ಜಾಗದಲ್ಲಿ ಕೂರುತ್ತವೆ. ಈ ಅರ್ಧದ ನೆತ್ತಿಯಲ್ಲಿ 12 ಸೆಂ.ಮೀ. ಅಗಲದ ಬಾಯಿ ಬಿಡಿ.

5. ಅಂಚಿನಲ್ಲಿ ಎಂಟು ತೂತು ಕೊರೆದು, ಚೆಂಡಿನ ಗಾಳಿ ಬಿಟ್ಟು, ಅಚ್ಚು ಬಿಡಿಸಿ ಮೂರ್ನಾಲ್ಕು ದಿನ ಒಣಗಿಸಿ. ಒಳಮೈಗೆ ಎರಡು ಕೋಟ್ ಎನಾಮೆಲ್. ಪೇಂಟ್ ಹಚ್ಚದಿದ್ದರೆ ಪ್ಲಾಸ್ಟರ್ ಕಾಂಕ್ರೀಟಿನ ನೀರು ಹೀರಿ, ಗುಂಡಿನ ಮೈ ಕೈಯಲ್ಲಿ ಉದುರುವಷ್ಟು ಬಡವಾಗುತ್ತದೆ.

ತೆಳುವಾದ ಈ ಚಿಪ್ಪು ತಾನಾಗಿಯೇ 58 ಕೆ.ಜಿ. ಹಸಿ ಕಾಂಕ್ರೀಟನ್ನು ತಡೆಯದು. ಒಳಮೈಗೆ ತೆಳ್ಳಗೆ ಗ್ರೀಸ್ ಸವರಿ (ತಳದಲ್ಲಿ ನಿಂತ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ), ಎರಡು ಭಾಗ ಕೂಡಿಸಿ, ತೂತುಗಳಲ್ಲಿ ಬೈಂಡಿಂಗ್ ವೈರ್ ಬಿಗಿದು, ಬೆಸುಗೆಗೆ ಜೇಡಿಮಣ್ಣು ಮೆತ್ತಿ. ಆಮೇಲೆ ಅರ್ಧ ಕತ್ತರಿಸಿದ ಡ್ರಮ್ಮಿನಲ್ಲಿಟ್ಟು ಸುತ್ತಲೂ ಒದ್ದೆ ಮರಳನ್ನು ಬಾಯಿಯವರೆಗೆ ಕುಟ್ಟಿ ತುಂಬಿ. ಮರಳು ಎಲ್ಲ ದಿಕ್ಕಿನಿಂದಲೂ ಒತ್ತಿ ಹಿಡಿಯುತ್ತದೆ. ಈ ಹಂತ ಬಿಟ್ಟವರ ಅಚ್ಚು ನಡುವಿನಲ್ಲಿ ಬಾಯಿ ಬಿಟ್ಟು, ಗುಂಡಿಗೆ ಸೊಂಟಪಟ್ಟಿ ಬಂದಿರುತ್ತದೆ.

*ಕಾಂಕ್ರೀಟ್.* ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು 12 ಮಿ.ಮೀ.ಗಿಂತ ಸಣ್ಣ ಜಲ್ಲಿ. 36 ಸೆಂ.ಮೀ. ಗುಂಡಿಗೆ 10 ಕೆ.ಜಿ. ಸಿಮೆಂಟ್, 10 ಲೀಟರ್ ಮರಳು, 20 ಲೀಟರ್ ಜಲ್ಲಿ, 5 ಲೀಟರ್ ನೀರು. ಮರಳು ಹಸಿಯಿದ್ದರೆ ನೀರು ಅರ್ಧ ಲೀಟರ್ ಕಡಿಮೆ ಮಾಡಿ. ಒಣಗಿರುವಾಗಲೇ ಬಣ್ಣ ಒಂದಾಗುವವರೆಗೆ ಬೆರೆಸಿ, ಆಮೇಲೆ ನೀರು. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಅಚ್ಚಿಗೆ ಸುಲಭವಾಗಿ ಇಳಿಯಲಿ ಎಂದು ಇನ್ನೊಂದು ಚೊಂಬು ನೀರು ಸುರಿಯುವ ಆಸೆ ಬರುತ್ತದೆ. ಆ ನೀರು ಆಮೇಲೆ ಮೇಲೆದ್ದು, ಗುಂಡಿನ ನೆತ್ತಿಯಲ್ಲಿ ಸುಣ್ಣದ ಪುಡಿಯಂಥ ಪದರ ಬಿಡುತ್ತದೆ. ಎತ್ತುವಾಗ ಮುಂಗೈಯೆಲ್ಲ ಬೆಳ್ಳಗಾಗಿ ಗುಂಡು ಜಾರುವುದು ಇದೇ ಕಾರಣಕ್ಕೆ. ರಬ್ಬರ್ ಗ್ಲೌಸ್ ಇಲ್ಲದೆ ಹಸಿ ಸಿಮೆಂಟಿಗೆ ಕೈ ಹಾಕಬೇಡಿ, ಚರ್ಮ ಸುಡುತ್ತದೆ. ಸಿಮೆಂಟ್ ಚೀಲ ಬಿಚ್ಚುವಾಗ ಮಾಸ್ಕ್ ಇರಲಿ.

ನಾಲ್ಕೈದು ಕಂತಿನಲ್ಲಿ ತುಂಬುತ್ತಾ, ಪ್ರತಿ ಕಂತಿಗೂ 12 ಮಿ.ಮೀ. ಸರಳಿನಲ್ಲಿ ಇಪ್ಪತ್ತೈದು ಸಲ ಚುಚ್ಚಿ. ಸರಳು ಕೆಳಗಿನ ಕಂತಿಗೂ ಸ್ವಲ್ಪ ಇಳಿಯಬೇಕು, ಆದರೆ ಅಚ್ಚಿನ ತಳಕ್ಕೆ ಕುಟ್ಟಬಾರದು. ನಡುಗೆರೆ ದಾಟಿದ ಮೇಲೆ ಎಚ್ಚರ. ಅಲ್ಲಿಂದ ಅಚ್ಚು ಒಳಕ್ಕೆ ಬಾಗುವುದರಿಂದ ಗಾಳಿ ಅಲ್ಲೇ ಸಿಕ್ಕಿಕೊಂಡು ಜೇನುಗೂಡಿನಂಥ ತೂತುಗಳಾಗುತ್ತವೆ. ಸರಳನ್ನು ಓರೆಯಾಗಿ ಹೊರಗೋಡೆಯ ಕಡೆಗೆ ಚುಚ್ಚಿ, ಡ್ರಮ್ಮಿನ ಹೊರಮೈಗೆ ಮರದ ಸುತ್ತಿಗೆಯಿಂದ ತಟ್ಟಿ ಗುಳ್ಳೆ ಬರುವುದು ನಿಲ್ಲುವವರೆಗೆ ಮುಂದುವರಿಸಿ. ತುಂಬುವ ಕೆಲಸ ಅರ್ಧ ಗಂಟೆಯೊಳಗೆ ಒಂದೇ ಸಲಕ್ಕೆ ಮುಗಿಯಬೇಕು. ಅರ್ಧ ತುಂಬಿ ಊಟಕ್ಕೆ ಹೋದರೆ ಹಳೆಯ ಕಾಂಕ್ರೀಟಿಗೆ ಹೊಸದು ಕಚ್ಚುವುದಿಲ್ಲ, ಮುಂದೊಂದು ದಿನ ಅದೇ ಗೆರೆಯಲ್ಲಿ ಎರಡು ಹೋಳಾಗುತ್ತದೆ.

ನೆತ್ತಿಯನ್ನು ಬಾಯಿಗಿಂತ ತುಸು ಉಬ್ಬಾಗಿ ತುಂಬಿ. ರಟ್ಟಿನಲ್ಲಿ 18 ಸೆಂ.ಮೀ. ತ್ರಿಜ್ಯದ ಕಮಾನು ಕತ್ತರಿಸಿಟ್ಟುಕೊಂಡು, ಕಾಂಕ್ರೀಟ್ ಇನ್ನೂ ಹಸಿಯಿರುವಾಗಲೇ ಅದರಿಂದ ತಿರುವಿ ಆಕಾರ ಕೊಡಿ. ಬಾಯಿಯ ಮಟ್ಟಕ್ಕೆ ಸಪಾಟು ಮಾಡಿದರೆ ಗುಂಡಿಗೊಂದು ಕುಂಡೆ ಬರುತ್ತದೆ. ನೆಲದ ಮೇಲೆ ನಿಲ್ಲಲು ಅನುಕೂಲವೇ, ಆದರೆ ತೊಡೆಯ ಮೇಲೆ ಉರುಳಿಸುವಾಗ ಆ ಅಂಚು ಎದೆಗೆ ಒತ್ತುತ್ತದೆ.

*ಹದ.* ಮೂರು ದಿನ ಮುಟ್ಟಬೇಡಿ. ನಾಲ್ಕನೇ ದಿನ ಅಚ್ಚು ಬಿಡಿಸಿ. ಪ್ಲಾಸ್ಟರ್ ಒಡೆದರೂ ಪರವಾಗಿಲ್ಲ, ಗುಂಡಿಗೆ ಏಟು ಬೀಳಬಾರದು. ತೂತುಗಳಿದ್ದರೆ ಅಂದೇ ಆ ಜಾಗ ತೋಯಿಸಿ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ನಯ ಮರಳಿನ ಗಾರೆ ತಿಕ್ಕಿ. ಒಣಗಿದ ಮೇಲೆ ಮೆತ್ತಿದ ತೇಪೆ ನಾಲ್ಕು ಸಲ ಎತ್ತಿಳಿಸುವಷ್ಟರಲ್ಲಿ ಉದುರುತ್ತದೆ. ಆಮೇಲೆ ಒದ್ದೆ ಗೋಣಿ ಸುತ್ತಿ ದಿನಕ್ಕೆ ಎರಡು ಸಲ ನೀರು ಹಾಕಿ. ಇಂದು ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ ಹದ ಬೇಕು, ಒಪಿಸಿಗೆ (ಸಾದಾ ಸಿಮೆಂಟಿಗೆ) 7 ದಿನ ಸಾಕು. 28 ದಿನದೊಳಗೆ ಎತ್ತಿ ಬಿಡುವ ಕೆಲಸ ಬೇಡವೇ ಬೇಡ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಬಲ ಇನ್ನೂ ಕೂಡುತ್ತಿರುತ್ತದೆ.

ಕೊನೆಗೆ ಕಾರ್ಬೊರಂಡಮ್ ಕಲ್ಲಿನಿಂದ ಬೆಸುಗೆಯ ಗೆರೆ ತಿಕ್ಕಿ ತೆಗೆಯಿರಿ. ಇಡೀ ಮೈಯನ್ನು ಕನ್ನಡಿಯಂತೆ ಉಜ್ಜಬೇಡಿ, ಮುಂಗೈಗೆ ಹಿಡಿಯಲು ತುಸು ಒರಟು ಬೇಕು. ಪೇಂಟಂತೂ ಬೇಡವೇ ಬೇಡ. ತೂಕದ ಅಂಕಿ ಮಾತ್ರ ಸಣ್ಣದಾಗಿ ಬರೆಯಿರಿ.

ಅದೇ ಅಚ್ಚಿನಲ್ಲಿ ಹೆಚ್ಚು ತೂಕ ಬೇಕಾದರೆ ಕಬ್ಬಿಣದ ಚೂರು ಬೆರೆಸುವ ಲೆಕ್ಕ ಡಬ್ಬಕ್ಕೆ ಹೇಳಿದ್ದೇ. ಇಲ್ಲಿ ಇನ್ನೊಂದು ಎಚ್ಚರ: ಚೂರೆಲ್ಲ ನಟ್ಟನಡುವಿನ ಕಂತುಗಳಲ್ಲಿ ಸಮವಾಗಿ ಬರಬೇಕು. ಒಂದು ಬದಿಗೆ ಸೇರಿದರೆ ಗುಂಡು ಎತ್ತುವಾಗ ತಾನೇ ತಿರುಗುತ್ತದೆ. ಮೈಯ ಹತ್ತಿರ ಬಂದರೆ ತುಕ್ಕು ಹಿಡಿದು, ಉಬ್ಬಿ, ಸಿಪ್ಪೆ ಎಬ್ಬಿಸುತ್ತದೆ.

ಗದೆ

ಗರಡಿ ಮನೆಯ ಗದೆ ಸ್ಟ್ರಾಂಗ್‌ಮನ್ ಪಂದ್ಯದಲ್ಲಿಲ್ಲ. ಆದರೂ ಗುಂಡು, ಲಾಗ್ (ಮರದ ದಿಮ್ಮಿ) ಎತ್ತುವವರ ಭುಜಕ್ಕೆ ಅದಕ್ಕಿಂತ ಅಗ್ಗದ ಔಷಧಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ. 16 ಸೆಂ.ಮೀ. ವ್ಯಾಸದ ಆಟದ ಚೆಂಡಿನಲ್ಲಿ 5 ಕೆ.ಜಿ. ತಲೆ ಬರುತ್ತದೆ, 20 ಸೆಂ.ಮೀ.ನಲ್ಲಿ 10 ಕೆ.ಜಿ. ಹೊಸಬರು 5ರಿಂದಲೇ ಶುರು ಮಾಡಲಿ. ಉದ್ದ ಹಿಡಿಯ ತುದಿಯಲ್ಲಿ ಆ 5 ಕೆ.ಜಿ. ಬೇರೆಯೇ ಲೆಕ್ಕ.

ಹಿಡಿಗೆ ಮುಕ್ಕಾಲಿಂಚಿನ ಎಂಎಸ್ ಪೈಪ್, 110 ಸೆಂ.ಮೀ. ಒಂದು ತುದಿಯಿಂದ 4 ಮತ್ತು 9 ಸೆಂ.ಮೀ. ದೂರದಲ್ಲಿ ಒಂದಕ್ಕೊಂದು ಅಡ್ಡವಾಗಿ ತೂತು ಕೊರೆದು, 10 ಸೆಂ.ಮೀ. ಉದ್ದದ 8 ಮಿ.ಮೀ. ಬೋಲ್ಟ್ ತೂರಿಸಿ ಎರಡೂ ಕಡೆ ನಟ್ ಬಿಗಿಯಿರಿ. ಈ ಶಿಲುಬೆಯೇ ತಲೆಯನ್ನು ಹಿಡಿದಿಡುವುದು. ಅದಿಲ್ಲದೆ ಮಾಡಿದ ಗದೆಯ ತಲೆ ಮೊದಲು ಪೈಪಿನ ಸುತ್ತ ಗಿರಗಿರ ತಿರುಗುತ್ತದೆ, ಆಮೇಲೆ ಬೆನ್ನ ಹಿಂದಿನಿಂದ ಹಾರಿ ಹೋಗುತ್ತದೆ. ಬೋಲ್ಟಿನ ಶಿಲುಬೆ ಒಳಗೆ ಹೋಗಬೇಕಾದ್ದರಿಂದ ಚೆಂಡಿನ ನೆತ್ತಿಯನ್ನು ಅಡ್ಡಕ್ಕೆ ಸೀಳಿ ರೆಕ್ಕೆ ಬಿಡಿಸಿ, ಪೈಪ್ ಇಳಿಸಿ, ಮತ್ತೆ ಟೇಪ್ ಹಾಕಿ ಮುಚ್ಚಿ. ಸುತ್ತ 6 ಸೆಂ.ಮೀ. ಬಾಯಿ ಉಳಿಯಲಿ. ಚೆಂಡನ್ನು ಮರಳಿನ ಬಾಂಡ್ಲಿಯಲ್ಲಿ ಹೂತು, ಪೈಪನ್ನು ತೂಕದ ದಾರ ಬಿಟ್ಟು ನೆಟ್ಟಗೆ ನಿಲ್ಲಿಸಿ ಮೂರು ಕಡೆ ಹಗ್ಗ ಕಟ್ಟಿ, ಜಲ್ಲಿಯಿಲ್ಲದ 1:2 ಗಾರೆಯನ್ನು ಬಾಯಿಯಿಂದ ತುಂಬಿ ಕಡ್ಡಿಯಲ್ಲಿ ಚುಚ್ಚಿ. ಗಾರೆ ಕಾಂಕ್ರೀಟಿಗಿಂತ ತುಸು ಹಗುರ, ತೂಕ ಸ್ವಲ್ಪ ಕಡಿಮೆ ಬರುತ್ತದೆ. ಹದ ಮಾಡುವುದು ಗುಂಡಿನಂತೆಯೇ. ಚೆಂಡಿನ ಸಿಪ್ಪೆ ತೆಗೆಯಬೇಡಿ, ಬಿರುಕು ಬಿಟ್ಟರೆ ಚೂರು ಹಾರದಂತೆ ಅದೇ ಕಾಪಾಡುತ್ತದೆ. ಬೀಸುವಾಗ ಹಿಂದೆ ಮುಂದೆ ಯಾರೂ ಇರಬಾರದು.

ಲಾಗ್, ಟೈರು

ಲಾಗ್ ಪ್ರೆಸ್‌ಗೆ ಅಂದರೆ ದಿಮ್ಮಿಯನ್ನು ತಲೆಯ ಮೇಲೆತ್ತುವ ಆಟಕ್ಕೆ, ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಕಾಫಿ ತೋಟದ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. 28 ಸೆಂ.ಮೀ. ದಪ್ಪ, 120 ಸೆಂ.ಮೀ. ಉದ್ದದ ಒಣ ತುಂಡು 45 ಕೆ.ಜಿ. ಆಸುಪಾಸು ಬರುತ್ತದೆ, ಹಸಿಯದು ಇನ್ನೂ ಭಾರ. ಹಸಿ ಮರ ತಂದ ದಿನವೇ ಎರಡು ತುದಿಗೂ ಪೇಂಟ್ ಬಳಿದು ನೆರಳಿನಲ್ಲಿಡಿ, ಇಲ್ಲದಿದ್ದರೆ ತುದಿಯಿಂದ ಸೀಳು ಶುರುವಾಗುತ್ತದೆ. ಹಿಡಿಕೆಗಾಗಿ ನಡುವಿನಿಂದ ಎರಡೂ ಕಡೆ 30 ಸೆಂ.ಮೀ. ದೂರಕ್ಕೆ, ಮುಷ್ಟಿ ಹಿಡಿಸುವಷ್ಟು 15×13 ಸೆಂ.ಮೀ. ಗೂಡು ಕೊರೆದು, ಲಾಗ್‌ನ ಉದ್ದಕ್ಕೆ ಅಡ್ಡವಾಗಿ ಒಂದಿಂಚಿನ ಪೈಪ್ ಕೂರಿಸಿ. ಗೂಡಿನ ಆಳ ನಡುಗೆರೆಯನ್ನು ತುಸು ದಾಟಬೇಕು. ಪೈಪ್ ಮೇಲ್ಮೈಗೆ ಹತ್ತಿರವಿದ್ದರೆ ಎದೆಯ ಮೇಲೆ ಬಂದ ಲಾಗ್ ಮಣಿಕಟ್ಟನ್ನು ತಿರುಚುತ್ತದೆ.

ಟೈರಿನಲ್ಲಿ ಮಾಡುವುದೇನೂ ಇಲ್ಲ. ಪಂಕ್ಚರ್ ಅಂಗಡಿಯಿಂದ ತಂದ ಲಾರಿ ಟೈರಿನ ಮೈಯಲ್ಲಿ ಒಂದು ತೂತು ಕೊರೆದು, ಎರಡೂ ಕಡೆ ಅಗಲ ವಾಷರ್ ಕೊಟ್ಟು 12 ಮಿ.ಮೀ. ಐ-ಬೋಲ್ಟ್ ಹಾಕಿದರೆ ಎಳೆಯುವ ಸ್ಲೆಡ್ ಆಯಿತು. ಒಳಗೆ ಹಲಗೆ ಹಾಸಿ ಮರಳು ಪೊಟ್ಟಣ ಇಟ್ಟು ಭಾರ ಏರಿಸಿ. ಅಂಚಿನಲ್ಲಿ ತಂತಿ ಹೊರಬಂದ ಟೈರ್ ತರಬೇಡಿ. ಮನೆಗೆ ತಂದ ಮೇಲೆ ಕೆಳಮೈಯಲ್ಲಿ ನಾಲ್ಕು ತೂತು ಕೊರೆಯಿರಿ, ಮಳೆನೀರು ನಿಂತರೆ ಸೊಳ್ಳೆ ಸಾಕಿದಂತೆ.

ಬೀಳಿಸುವ ಜಾಗ ಮತ್ತು ತಪಾಸಣೆ

ಗುಂಡನ್ನು ಸಿಮೆಂಟ್ ನೆಲಕ್ಕೆ ಬಿಟ್ಟರೆ ಎರಡರಲ್ಲಿ ಒಂದು ಒಡೆಯುತ್ತದೆ. ಹಿತ್ತಲಲ್ಲಿ 120 ಸೆಂ.ಮೀ. ಚೌಕ, 20 ಸೆಂ.ಮೀ. ಆಳ ಅಗೆದು ಮರಳು ತುಂಬಿ, ಮೇಲೆ ಹಸುವಿನ ಕೊಟ್ಟಿಗೆಗೆ ಹಾಸುವ ದಪ್ಪ ರಬ್ಬರ್ ಮ್ಯಾಟ್ ಹಾಕಿ. ಮಾಳಿಗೆಯ ಮೇಲೆ, ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ ಚೀಲಕ್ಕಿಂತ ಮುಂದೆ ಹೋಗಬೇಡಿ.

ಪ್ರತಿ ಸಲ ಎತ್ತುವ ಮುಂಚೆ ಚೀಲದ ಬಾಯಿಯ ಹಗ್ಗ, ಡಬ್ಬದ ಹಿಡಿಕೆಯ ಬುಡ, ಗದೆಯ ಕುತ್ತಿಗೆ ಈ ಮೂರನ್ನು ಕೈಯಿಂದ ಜಗ್ಗಿ ನೋಡಿ. ಹಿಡಿಕೆ ಕೂದಲೆಳೆಯಷ್ಟು ಅಲುಗಾಡಿದರೂ ಆ ಡಬ್ಬದ ಕಥೆ ಮುಗಿಯಿತು. ಒಳಗೆ ಗಾರೆ ಸುರಿದು ರಿಪೇರಿ ಮಾಡಲು ಹೋಗದೆ ಒಡೆದು, ಪಟ್ಟಿ ಮತ್ತು ಪೈಪ್ ಬಿಡಿಸಿ ಹೊಸ ಡಬ್ಬಕ್ಕೆ ಹಾಕಿ. ಗುಂಡಿನಲ್ಲಿ ಕೂದಲು ಬಿರುಕು ಕಂಡರೆ ಅದರ ಮೇಲೆ ನೀರು ಸುರಿದು ಒರೆಸಿ. ಮೇಲ್ಮೈ ಒಣಗಿದ ಮೇಲೂ ಬಿರುಕು ಮಾತ್ರ ಕಪ್ಪಗೆ ಒದ್ದೆಯಾಗಿ ಉಳಿದರೆ ಅದು ಆಳಕ್ಕೆ ಇಳಿದಿದೆ, ಆ ಗುಂಡನ್ನು ತೊಡೆಗಿಂತ ಮೇಲೆ ಎತ್ತಬೇಡಿ. ಮಳೆಗಾಲದಲ್ಲಿ ಚೀಲವನ್ನು ನೆಲದಿಂದ ಎತ್ತರಕ್ಕೆ, ಹಲಗೆಯ ಮೇಲಿಟ್ಟು, ತಿಂಗಳಿಗೊಮ್ಮೆ ಮತ್ತೆ ತೂಗಿ. ಎರಡು ಕೆ.ಜಿ. ಹೆಚ್ಚಿದ್ದರೆ ಯಾವುದೋ ಪೊಟ್ಟಣ ಒಡೆದು ತೇವ ಕುಡಿದಿದೆ ಎಂದರ್ಥ. ಎಲ್ಲ ಪೊಟ್ಟಣ ಹೊರತೆಗೆದು ಅದೊಂದನ್ನು ಬದಲಿಸಿ.